ಕರೆಯಲು ಹೋಗದ ಅಂದಪ್ಪ

ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವ ಅಂದಪ್ಪನ ಅಂಗಡಿಯ ಮುಂದೆ ಹಾದುಹೋಗುವಾಗ ಯಾರೂ "ಊಟಾತೇನ್ರಿ?" ಎಂದು ಕೇಳುತ್ತಿರಲಿಲ್ಲ. ನಮ್ಮ ಕಡೆ ಅದು ಪ್ರಶ್ನೆಯಲ್ಲ, ನಮಸ್ಕಾರ. ಹೊಟ್ಟೆ ಖಾಲಿ ಇದ್ದರೂ "ಆತ್ರಿ" ಎಂದು ಕೈ ಎತ್ತಿ ಮುಂದೆ ಹೋಗಬೇಕು. ಅಂದಪ್ಪ ಮಾತ್ರ ಕೈಯಲ್ಲಿದ್ದ ತಂತಿ ಕೆಳಗಿಟ್ಟು, ಕೇಳಿದವರ ಅಂಗಿಯ ಗುಂಡಿ ನೋಡುತ್ತ, "ಇನ್ನ ಇಲ್ರಿ. ಮುಂಜಾನಿ ಮಂಡಕ್ಕಿ ತಿಂದಿದ್ದೆ. ಎಣ್ಣಿ ಹೆಚ್ಚಾಗಿತ್ತು, ಅದಕ್ಕ ಹಸಿವಾಗಿಲ್ಲ" ಎಂದು ಪೂರಾ ಉತ್ತರ ಕೊಡುತ್ತಿದ್ದ. ಕೇಳಿದವರು ಸುಮ್ಮನೆ ಕೇಳಿದ ತಪ್ಪಿಗೆ ಬಿಸಿಲಲ್ಲಿ ನಿಂತು ಅವನ ಹೊಟ್ಟೆಯ ವರದಿ ಕೇಳಬೇಕಾಗುತ್ತಿತ್ತು.

ಕೆಲಸದಲ್ಲಿ ಅವನನ್ನು ಯಾರೂ ಆಡಿಕೊಳ್ಳುವಂತಿರಲಿಲ್ಲ. ಬಾಯಿಯೇ ಅವನ ವೈರಿ. ಕಾಲುವೆ ಕಡೆಯ ರೈತರು ಪಂಪಿನ ಮೋಟಾರು ಹೊತ್ತು ತಂದು, ಕರೆಂಟಿನವರನ್ನು ಬೈಯುತ್ತ ಕುಳಿತರೆ, ಇವನು ಮುಚ್ಚಳ ಬಿಚ್ಚಿ ನೋಡಿ, "ಕರೆಂಟ್ ಸುಟ್ಟಿಲ್ಲ, ನೀವ ಸುಟ್ಟೀರಿ. ನೀರಿಲ್ಲದ ಒಣಾ ಓಡಿಸೀರಿ" ಎಂದುಬಿಡುತ್ತಿದ್ದ. ಮಾತು ಖರೆಯೇ. ಆದರೆ ಖರೆ ಮಾತನ್ನು ಚಹಾ ಕುಡಿಸಿದ ಮೇಲೆ ಹೇಳಬೇಕು ಎಂಬ ತಿಳಿವಳಿಕೆ ಅವನಿಗೆ ಯಾವ ವಯಸ್ಸಿನಲ್ಲೂ ಬರಲಿಲ್ಲ. ಪಕ್ಕದ ಗಾದಿ ಅಂಗಡಿಯ ಮಕ್ಬುಲಸಾಬ ಓಡಿ ಬಂದು, ಅಂಟಿಕೊಂಡ ಹತ್ತಿಯನ್ನು ಮೈಯಿಂದ ಕೊಡವುತ್ತ, "ಅಂವ ಹಂಗರಿ, ಮನಸ್ಸಿಗೆ ಹಚ್ಕೋಬ್ಯಾಡ್ರಿ, ಕೈಗುಣ ಭಾಳ ಛಲೋ ಐತಿ" ಎಂದು ಗಿರಾಕಿಯನ್ನು ತಣ್ಣಗೆ ಮಾಡುತ್ತಿದ್ದ. ಅಂದಪ್ಪನ ಅಂಗಡಿ ನಡೆದದ್ದು ಅರ್ಧ ಅವನ ಕೈಯಿಂದ, ಅರ್ಧ ಮಕ್ಬುಲಸಾಬನ ಬಾಯಿಂದ.

ಅವನ ಮದುವೆ ತಡವಾಗಿ ಆಯಿತು. ಕುಷ್ಟಗಿಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ದೊಡ್ಡಬಸಪ್ಪನ ಮಗಳು ಶಿವಲೀಲಾ. ಆಕೆ ಮಾತಿನ ಮಲ್ಲಿ, ಗೋಡೆಯನ್ನಾದರೂ ಮಾತಾಡಿಸುವಾಕೆ. ಹೊಸ ಸೀರೆ ಉಟ್ಟು ಬಂದು "ಹೆಂಗ ಕಾಣತೈತ್ರಿ?" ಎಂದರೆ ಅಂದಪ್ಪ ಚೆನ್ನಾಗಿ ನೋಡಿ, "ಹಸರು ಐತಿ" ಎನ್ನುತ್ತಿದ್ದ. ಆಕೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕು ಸಾಕಾಗಿ, "ಏನ್ ಮನುಷ್ಯಾರೋ ನೀವು" ಎನ್ನುತ್ತಿದ್ದಳು. ಅವಳು ಯಾಕೆ ನಗುತ್ತಾಳೆಂದು ಅವನಿಗೆ ತಿಳಿಯುತ್ತಿರಲಿಲ್ಲ. ನಗುತ್ತಾಳೆ ಎಂಬುದು ಮಾತ್ರ ಬಹಳ ಹಿತವಾಗಿತ್ತು. ಸಂಜೆ ಅವಳು ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕುಳಿತು ಊರ ಸುದ್ದಿಯೆಲ್ಲ ಹೇಳುವಾಗ, ಅವನು ತಲೆ ಎತ್ತದೆ ತಂತಿ ಸುತ್ತುತ್ತ ಒಂದೊಂದು ಮಾತನ್ನೂ ಕೇಳುತ್ತಿದ್ದ. ಅವನ ಬದುಕಿನಲ್ಲಿ ಸುಖ ಎಂಬುದು ಇದ್ದರೆ ಆ ಸಂಜೆಗಳೇ.

ಆಮೇಲೆ ಶಿವಲೀಲಾ ಬಸುರಾದಳು. ಬಸುರು ನಿಲ್ಲಲಿಲ್ಲ. ಐದು ತಿಂಗಳು ತುಂಬಿದ ಮೇಲೆ, ಬೇಸಿಗೆಯ ನಟ್ಟನಡುವೆ, ಕೂಸು ಹೋಯಿತು.

ಆಸ್ಪತ್ರೆಯಿಂದ ಮನೆಗೆ ಬಂದ ಮರುದಿನ ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅಂದಪ್ಪ ಬಾಗಿಲಲ್ಲಿ ನಿಂತಿದ್ದ. ಅವಳು ತಿರುಗದೆಯೇ, "ನೀವು ಅಂಗಡಿಗೆ ಹೋಗ್ರಿ. ನನಗೇನಾಗೇತಿ?" ಎಂದಳು.

ಅಂದಪ್ಪ ಹೋದ. ಹೋಗುವ ಮುಂಚೆ ಒಂದು ಕೆಲಸ ಮಾಡಿದ. ಕೋಣೆಯ ಫ್ಯಾನು ತಿರುಗುವಾಗ ಟಕಟಕ ಎನ್ನುತ್ತಿತ್ತು. ಆ ಸಪ್ಪಳಕ್ಕೆ ಇವಳಿಗೆ ನಿದ್ದೆ ಹತ್ತುವುದಿಲ್ಲ ಎಂದುಕೊಂಡು ಫ್ಯಾನು ಬಿಚ್ಚಿ ಹೆಗಲ ಮೇಲಿಟ್ಟುಕೊಂಡು ಅಂಗಡಿಗೆ ಒಯ್ದ. ಇಡೀ ದಿನ ಬೇರೆ ಕೆಲಸ ಮುಟ್ಟದೆ ಅದರ ಬೇರಿಂಗ್ ಬದಲಿಸಿದ, ಎಣ್ಣೆ ಬಿಟ್ಟ, ರೆಕ್ಕೆಗಳನ್ನು ತೊಳೆದ. ಸಂಜೆ ತಂದು ಹಾಕಿ, ಬಟನ್ ಒತ್ತಿ, "ಈಗ ಸಪ್ಪಳಿಲ್ಲ ನೋಡು" ಎಂದ. ಕೊಪ್ಪಳದ ಆ ಉರಿಯಲ್ಲಿ, ಗಾಳಿಯಿಲ್ಲದ ಕೋಣೆಯಲ್ಲಿ ಹಗಲೆಲ್ಲ ಬೆಂದ ಶಿವಲೀಲಾ ಎದ್ದು ಕುಳಿತು ಬಿಕ್ಕಿ ಬಿಕ್ಕಿ ಅತ್ತಳು. ನೋವಿಗೆ ಅಳುತ್ತಿದ್ದಾಳೆಂದು ಅವನು ಗುಳಿಗೆ ಮತ್ತು ನೀರು ತಂದುಕೊಟ್ಟ. ಅವನಿಗೂ ದುಃಖವಾಗಿತ್ತು. ಆದರೆ ಒಳಗಿನ ದುಃಖವನ್ನು ಎದುರಿನವರಿಗೆ ಕಾಣುವಂತೆ ಹೊರಗಿಡುವುದು ಹೇಗೆಂದು ಅವನಿಗೆ ಯಾರೂ ಕಲಿಸಿರಲಿಲ್ಲ, ಉಳಿದವರಿಗೆ ಅದನ್ನು ಕಲಿಸಬೇಕಾಗಿಯೂ ಇರಲಿಲ್ಲ.

ವಾರದ ನಂತರ ಅವಳ ಅವ್ವ ಬಂದು ಮಗಳನ್ನು ಬಾಣಂತನದ ಹಾಗೆಯೇ ಆರೈಕೆ ಮಾಡುತ್ತೇನೆಂದು ಕುಷ್ಟಗಿಗೆ ಕರೆದೊಯ್ದಳು. ಹೊಸ್ತಿಲು ದಾಟುವಾಗ ಶಿವಲೀಲಾ ಒಂದು ಗಳಿಗೆ ನಿಂತು, "ಬರ್ತೀನ್ರಿ" ಎಂದಳು.

"ಹೂಂ" ಎಂದ ಅಂದಪ್ಪ.

ಬರ್ತೀನಿ ಅಂದವಳು ಬರುತ್ತಾಳೆ. ಅವನು ಕಾಯತೊಡಗಿದ.

ತವರಿಗೆ ಹೋದ ಹೆಣ್ಣುಮಗಳು ತಾನಾಗಿ ಗಂಟು ಕಟ್ಟಿಕೊಂಡು ಬಂದರೆ ಓಣಿಯ ಹೆಂಗಸರು ಮೂಗಿನ ಮೇಲೆ ಬೆರಳಿಡುತ್ತಾರೆ. ಗಂಡನೋ, ಗಂಡನ ಕಡೆಯ ಹಿರಿಯರೋ ಕುಬಸದ ಖಣ, ಹೂವು, ಸಿಹಿ ಹಿಡಿದುಕೊಂಡು ಹೋಗಿ ಕರೆಯಬೇಕು. ತವರಿನವರು "ಇನ್ನೊಂದು ದಿನ ಇರ್ಲಿರಿ" ಎಂದು ಎಳೆದಾಡಬೇಕು, ಇವರು "ಇಲ್ರಿ, ಮನಿ ಬಿಕೋ ಅನಾಕತ್ತೈತಿ" ಎನ್ನಬೇಕು. ಆಗ ಆಕೆ ಮರ್ಯಾದೆಯಿಂದ ಬರಬಹುದು. ಇದನ್ನು ಯಾವ ಸಾಲೆಯಲ್ಲೂ ಹೇಳಿಕೊಡುವುದಿಲ್ಲ, ಹೇಳದೆ ತಿಳಿಯುತ್ತದೆ ಎಂದು ನಮ್ಮ ಜನರ ನಂಬಿಕೆ. ಅಂದಪ್ಪನ ಅವ್ವ ಕಳಕಮ್ಮ ಬದುಕಿದ್ದರೆ ಬೆನ್ನಿಗೆ ಗುದ್ದಿ ಕಳಿಸುತ್ತಿದ್ದಳು. ಅವಳು ಮಗನ ಮದುವೆಯ ಹಿಂದಿನ ವರ್ಷವೇ ತೀರಿಕೊಂಡಿದ್ದಳು.

ಹೀಗೆ ಕುಷ್ಟಗಿಯಲ್ಲಿ ಶಿವಲೀಲಾ ಗಂಡ ಕರೆಯಲು ಬರುತ್ತಾನೆಂದು ಕಾದಳು. ಭಾಗ್ಯನಗರದಲ್ಲಿ ಅಂದಪ್ಪ ಹೆಂಡತಿ ಹೇಳಿದಂತೆ ಬರುತ್ತಾಳೆಂದು ಕಾದ.

ದಸರೆ ಕಳೆದ ಮೇಲೆ ದೊಡ್ಡಬಸಪ್ಪನೇ ಬಂದ. ಮಗಳನ್ನು ಕರೆದುಕೊಂಡು ಹೋಗಿ ಎಂದು ಅಳಿಯನ ಮುಂದೆ ಬಾಯಿಬಿಟ್ಟು ಕೇಳುವುದು ಅವನ ಮಾನಕ್ಕೆ ಒಗ್ಗುವ ಮಾತಾಗಿರಲಿಲ್ಲ. ಮಳೆ, ಬೆಳೆ, ಬಸ್ಸಿನ ಗದ್ದಲ ಎಲ್ಲ ಆದ ಮೇಲೆ, ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಳ್ಳುತ್ತ, "ನಮ್ಮ ಮಗಳು ನಮಗೇನು ಭಾರ ಅಲ್ರಿ ಅಳಿಯಾರ. ಇರ್ತಾಳ ಬಿಡ್ರಿ ನಮ್ಮ ಮನ್ಯಾಗ. ಏನಂತೀರಿ?" ಎಂದ.

ಲೋಕದ ಯಾವ ಅಳಿಯನಾದರೂ ಆ ಮಾತಿಗೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದ. ಅಂದಪ್ಪ ಸ್ವಲ್ಪ ಯೋಚಿಸಿದ. ಮಾವ ಹಿರಿಯರು, ಮಗಳಿಗೆ ಇನ್ನಷ್ಟು ಆರೈಕೆ ಬೇಕೆಂದು ಕೇಳುತ್ತಿದ್ದಾರೆ ಎಂದು ತಿಳಿದ. ತನಗೆ ಮನೆ ಬೇಸರವಾಗಿದ್ದರೂ ಅದನ್ನು ನುಂಗಿಕೊಂಡು, "ಆಗ್ಲಿರಿ ಮಾವಾರ. ಇರ್ಲಿ" ಎಂದ.

ದೊಡ್ಡಬಸಪ್ಪ ಎದ್ದ. ಚಪ್ಪಲಿ ಮೆಟ್ಟಿ, ತಿರುಗಿ ನೋಡದೆ ಹೋದ. ತಂದಿಟ್ಟ ಚಹಾ ಹಾಗೆಯೇ ಉಳಿಯಿತು, ಅಂದಪ್ಪ ಅದನ್ನು ಕೆಡಿಸಬಾರದೆಂದು ತಾನೇ ಕುಡಿದ.

ಅದಾದ ಕೆಲವು ದಿನಕ್ಕೆ ಶಿವಲೀಲಾಳ ಫೋನು ಬಂತು. "ಆರಾಮದೀರೇನ್ರಿ?" ಎಂದಳು. ಆರಾಮದೀನಿ ಎಂದ. "ಊಟಾತೇನ್ರಿ?" ಆತು, ಅನ್ನ ಸಾರು ಎಂದ. ಅವಳು ಸ್ವಲ್ಪ ತಡೆದು, "ಮತ್ತ?" ಎಂದಳು. ಅಂದಪ್ಪ ಮತ್ತೇನಾದರೂ ಹೇಳುವುದು ಉಳಿದಿದೆಯೋ ಎಂದು ಪ್ರಾಮಾಣಿಕವಾಗಿ ಯೋಚಿಸಿ ನೋಡಿದ. "ಮತ್ತೇನಿಲ್ಲ" ಎಂದ. ಆಮೇಲೆ ಫೋನು ಕಟ್ಟಾಯಿತು.

ಹೆಂಡತಿಯನ್ನು ಬಿಟ್ಟಿದ್ದಾನೆ ಎಂದು ಓಣಿ ತೀರ್ಮಾನಿಸಿತು. ನೀನು ಏನು ತಿಂದೆ, ಎಷ್ಟು ದುಡಿದೆ, ಯಾವ ಊರಿಗೆ ಹೋಗಿದ್ದೆ ಎಂದು ದಾರಿಯಲ್ಲಿ ತಡೆದು ಕೇಳುವ ಜನ, ನಿನ್ನ ಹೆಂಡತಿ ಯಾಕೆ ಬರಲಿಲ್ಲವೆಂದು ಮಾತ್ರ ಎದುರಿಗೆ ಕೇಳಲಿಲ್ಲ. ಅದು ಸಂಸಾರದ ಗುಟ್ಟು, ಕೇಳಬಾರದಂತೆ! ಬೆನ್ನ ಹಿಂದೆ ಬಾಯಿಗೆ ಬಂದಂತೆ ಆಡಬಹುದು. ಮಕ್ಬುಲಸಾಬನಂಥ ಮಕ್ಬುಲಸಾಬನೂ ಸಂಕೋಚದಿಂದ ಬಾಯಿ ಬಿಡಲಿಲ್ಲ. ಯಲಬುರ್ಗಾದಿಂದ ಅಕ್ಕ ಅಮರಮ್ಮ ಬಂದು, "ಮಾವನ ಮುಂದ ಇರ್ಲಿ ಅಂದೀಯಂತಲ್ಲೋ?" ಎಂದು ಕೇಳಿದಳು. "ಹೂಂ, ಅಂದೆ" ಎಂದ. ಅವಳು ಹಣೆ ಬಡಿದುಕೊಂಡು ಹೋದಳು. ಹಿಂದಿನ ಕೋಣೆ ಬಾಡಿಗೆಗೆ ಕೊಡ್ತೀಯೇನೋ ಎಂದು ಯಾರಾದರೂ ಕೇಳಿದರೆ, "ಇಲ್ಲ, ಶಿವಲೀಲಾ ಬರ್ತಾಳ" ಎನ್ನುತ್ತಿದ್ದ; ಅವರು ಆಚೆ ಹೋಗಿ ನಗುತ್ತಿದ್ದರು.

ವರ್ಷಗಳು ಹೋದವು. ದೊಡ್ಡಬಸಪ್ಪ ಸತ್ತಾಗ ಶಿವಲೀಲಾಳ ಅಣ್ಣ ಫೋನ್ ಮಾಡಿ, "ತಿಳಸಬೇಕಿತ್ತು, ತಿಳಿಸೀವಿ. ನೀವು ಬಂದ್ರೂ ಅಷ್ಟ, ಬಿಟ್ರೂ ಅಷ್ಟ" ಎಂದ. ಎರಡೂ ಒಂದೇ ಎಂದ ಮೇಲೆ ಅಂದಪ್ಪ ಹೋಗಲಿಲ್ಲ.

ಕಾಯುವುದು ಮೊದಮೊದಲು ಕಷ್ಟ, ಆಮೇಲೆ ಅಭ್ಯಾಸ. ಆದರೂ ಹಬ್ಬ ಬಂದಾಗ, ಮೈಯಲ್ಲಿ ಹುಷಾರಿಲ್ಲದಾಗ, ಅವನಿಗೆ ಒಂದೇ ಪ್ರಶ್ನೆ ತಲೆ ತಿನ್ನುತ್ತಿತ್ತು. ಬರ್ತೀನಿ ಅಂದವಳು ಯಾಕೆ ಬರಲಿಲ್ಲ? ಶಿವಲೀಲಾ ಸುಳ್ಳು ಹೇಳುವವಳಲ್ಲ. ತನ್ನಲ್ಲೇ ಏನೋ ಐಬಿದೆ. ಸಾಲೆಯಲ್ಲಿ, ಸಂತೆಯಲ್ಲಿ, ಮದುವೆ ಮುಂಜಿಗಳಲ್ಲಿ, ಎಲ್ಲರಿಗೂ ಗೊತ್ತಿರುವ ಯಾವುದೋ ಒಂದು ಸಂಗತಿ ತನಗೊಬ್ಬನಿಗೇ ಗೊತ್ತಿಲ್ಲ ಎಂದು ಅವನಿಗೆ ಚಿಕ್ಕಂದಿನಿಂದ ಅನ್ನಿಸಿತ್ತು. ಅದು ಏನು ಎಂದು ಕೇಳಲಿಕ್ಕೂ ಅದು ಏನೆಂದು ಗೊತ್ತಿರಬೇಕಲ್ಲ.

ಅದನ್ನು ಮೊದಲು ಕಂಡವಳು ಮಕ್ಬುಲಸಾಬನ ಮಗಳು ಶಮಾ. ಗಂಗಾವತಿಯಲ್ಲಿ, ಉಳಿದವರೊಡನೆ ಬೆರೆಯಲಾರದ ಮಕ್ಕಳಿಗೆ ಕಲಿಸುವ ಒಂದು ಕೇಂದ್ರದಲ್ಲಿ ಅವಳಿಗೆ ಕೆಲಸ. ಅವಳ ನಿಶ್ಚಿತಾರ್ಥದ ದಿನ ಅಂದಪ್ಪನೂ ಬಂದಿದ್ದ. ಗದ್ದಲ ತಾಳಲಾರದೆ ಕಿವಿಗೆ ಕೈ ಒತ್ತಿಕೊಂಡು ಮೂಲೆಯಲ್ಲಿ ಕುಳಿತಿದ್ದ. ಗಂಡಿನ ಕಡೆಯ ಹಿರಿಯರೊಬ್ಬರು ಮರ್ಯಾದೆಗೆ, "ನೀವು ನೆರೆಯವರಂತ. ನಮ್ಮ ಸೊಸಿ ಹೆಂಗರಿ?" ಎಂದರು. ಅಂದಪ್ಪ, "ಭಾಳ ಛಲೋ ಹುಡುಗಿರಿ. ಸಿಟ್ಟು ಜಾಸ್ತಿ. ಎಸ್ಸೆಸ್ಸೆಲ್ಸಿ ಗಣಿತದಾಗ ಒಮ್ಮೆ ಫೇಲಾಗಿದ್ಲು" ಎಂದ. ಮಕ್ಬುಲಸಾಬ ಬೆವರಿ ನೀರಾದ. ಜಾಸ್ತಿ ಸಿಟ್ಟಿನ ಶಮಾ ಮಾತ್ರ ಸಿಟ್ಟಾಗಲಿಲ್ಲ. ಕಿವಿಗೆ ಕೈ ಒತ್ತಿಕೊಂಡು, ಕೇಳಿದ್ದಕ್ಕೆ ಕೇಳಿದಷ್ಟೇ ನಿಜ ಹೇಳಿ, ಯಾಕೆ ಎಲ್ಲರೂ ಸುಮ್ಮನಾದರೆಂದು ತಿಳಿಯದೆ ಕಣ್ಣು ಪಿಳಿಪಿಳಿ ಮಾಡುತ್ತಿದ್ದ ಆ ಮುಖವನ್ನೇ ನೋಡುತ್ತಿದ್ದಳು. ಅಂಥ ಮುಖವನ್ನು ಅವಳು ದಿನಾ ಕೇಂದ್ರದಲ್ಲಿ ನೋಡುತ್ತಿದ್ದಳು. ನಡು ವಯಸ್ಸಿನ ಮನುಷ್ಯನಲ್ಲಿ ನೋಡಿರಲಿಲ್ಲ ಅಷ್ಟೇ.

ಅವಳೇ ಹಟ ಹಿಡಿದು ಹುಬ್ಬಳ್ಳಿಯ ಡಾಕ್ಟರರ ಹತ್ತಿರ ಕರೆದೊಯ್ದಳು. "ನನಗೇನು ಹುಚ್ಚ ಹಿಡದೈತೇನು?" ಎಂದು ಅಂದಪ್ಪ ಕೇಳಿದಾಗ, "ಇಲ್ಲ ಕಾಕಾ. ಹುಚ್ಚಲ್ಲ ಅಂತ ಖಾತ್ರಿ ಮಾಡ್ಕೊಳ್ಳಾಕ ಹೋಗೂದು" ಎಂದಳು. ಚಿಕ್ಕಂದಿನ ಸಂಗತಿ ಬಲ್ಲವರು ಬೇಕೆಂದು ಡಾಕ್ಟರು ಹೇಳಿದ್ದರಿಂದ ಅಮರಮ್ಮನೂ ಬಂದಳು.

ಡಾಕ್ಟರು ಅವಸರದವರಲ್ಲ. ಅಮರಮ್ಮನಿಗೆ ಒಂದೊಂದೇ ಕೇಳಿದರು. ಓರಗೆಯವರ ಜೊತೆ ಆಡುತ್ತಿದ್ದನೋ? ಇಲ್ಲರಿ, ಬಾವಿಯ ರಾಟಿ ತಿರುಗೋದು ನೋಡ್ಕೊಂತ ಕೂಡ್ತಿದ್ದ. ಮುಖ ನೋಡಿ ಮಾತಾಡುತ್ತಿದ್ದನೋ? ಆ ಪ್ರಶ್ನೆಗೆ ಅಮರಮ್ಮ ತಮ್ಮನ ಕಡೆ ನೋಡಿದಳು. "ಅದಕ್ಕ ಸಾಲ್ಯಾಗ ಮಾಸ್ತರು ಬಡೀತಿದ್ರು. ಕಣ್ಣಾಗ ಕಣ್ಣಿಟ್ಟು ನೋಡಲೇ, ಕಳ್ಳ ಏನು ನೀನು, ಅಂತ. ಮನ್ಯಾಗ ಅಪ್ಪ ಬಡೀತಿದ್ದ. ನಾನೂ ಬಡದೀನ್ರಿ. ಮಾತಿಗೆ ಎದುರುತ್ತರ ಕೊಡ್ತಾನಂತ ಬಡದೀನಿ" ಎಂದು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅಂದಪ್ಪ ಮೇಜಿನ ಮೇಲಿನ ಪೆನ್ನಿನ ಡಬ್ಬಿ ನೋಡುತ್ತ ಕುಳಿತಿದ್ದ. ಎದುರುತ್ತರ ಅಲ್ಲ ಅದು, ಬರೀ ಉತ್ತರ, ಎಂದು ಅವನಿಗೆ ಹೇಳಬೇಕೆನ್ನಿಸಿತು.

ಎರಡನೆಯ ಸಲ ಹೋದಾಗ ಡಾಕ್ಟರು ಕುರ್ಚಿಯನ್ನು ಅವನ ಪಕ್ಕಕ್ಕೆ ಸರಿಸಿಕೊಂಡು ಹೇಳಿದರು. "ಮೊದಲು ಇದಕ್ಕ ಆಸ್ಪರ್ಜರ್ ಸಿಂಡ್ರೋಮ್ ಅಂತಿದ್ವಿ. ಈಗ ಆಟಿಸಂ ಅನ್ನೋ ದೊಡ್ಡ ಹೆಸರಿನ್ಯಾಗ ಸೇರಿಸ್ಯಾರ. ಇದು ಹುಚ್ಚಲ್ಲ, ಜಡ್ಡಲ್ಲ, ಹಂಗಾಗಿ ಇದಕ್ಕ ಗುಳಿಗಿ ಇಲ್ಲ. ಹುಟ್ಟಿನಿಂದನ ನಿಮ್ಮ ತಲಿ ಕೆಲಸ ಮಾಡೋ ರೀತಿನ ಬ್ಯಾರೆ. ಮಂದಿ ಮಾತಾಡುವಾಗ ಅರ್ಧ ಬಾಯಿಲೆ ಹೇಳ್ತಾರ, ಇನ್ನರ್ಧ ಮುಖದಾಗ, ದನಿಯಾಗ ಇಟ್ಟಿರ್ತಾರ. ನಿಮಗ ಆ ಇನ್ನರ್ಧ ಮುಟ್ಟಂಗಿಲ್ಲ. ಅದು ನಿಮ್ಮ ತಪ್ಪಲ್ಲ."

ಹೊರಗೆ ಬಂದಾಗ ಅಂದಪ್ಪನಿಗೆ ಹಗುರಾಗಿತ್ತು ಎಂದರೆ ಸುಳ್ಳಾಗುತ್ತದೆ. ಇಷ್ಟು ದಿನ ಹೊಡೆತ ತಿಂದದ್ದಕ್ಕೆ ಒಂದು ಕಾರಣ ಸಿಕ್ಕಿತ್ತು. ಹೊಡೆತಗಳೇನೂ ಹಿಂದಕ್ಕೆ ಹೋಗಲಿಲ್ಲ.

ಬಸ್ಸಿನಲ್ಲಿ ಅಮರಮ್ಮ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದಳು. ಅಣ್ಣಿಗೇರಿ ದಾಟಿದ ಮೇಲೆ ಅಂದಪ್ಪ ಶಮಾಳನ್ನು ಕೇಳಿದ.

"ಬರ್ತೀನಿ ಅಂದ್ರ, ಬರ್ತೀನಿ ಅಂತ ಅಲ್ಲೇನು?"

"ಯಾರಂದ್ರು ಕಾಕಾ?"

"ಶಿವಲೀಲಾ. ಹೋಗುವಾಗ ಅಂದಿದ್ಲು."

ಶಮಾ ಅವನ ಕಡೆ ತಿರುಗಿದಳು. "ಹೋಗುವಾಗ ಎಲ್ಲಾರೂ ಹಂಗ ಅಂತಾರ. ಹೋಗ್ತೀನಿ ಅನ್ನಬಾರದು, ಅದಕ್ಕ ಬರ್ತೀನಿ ಅಂತಾರ. ಕಾಕಾ, ನೀವು ಕರಿಯಾಕ ಹೋಗಿದ್ದಿಲ್ಲೇನು?"

"ಆಕಿನ ಬರ್ತೀನಿ ಅಂದಿದ್ಲಲ್ಲ."

ಅಂದಪ್ಪ ಬಿಡಲಿಲ್ಲ. ಇಷ್ಟು ವರ್ಷ ಒಂದಕ್ಷರ ಹೆಚ್ಚುಕಡಿಮೆಯಾಗದಂತೆ ನೆನಪಿಟ್ಟುಕೊಂಡ ಮಾತುಗಳನ್ನು ಒಂದೊಂದಾಗಿ ಅವಳ ಮುಂದಿಟ್ಟ. ಇರ್ತಾಳ ಬಿಡ್ರಿ, ಏನಂತೀರಿ, ಎಂದು ಮಾವ ಅಂದರಲ್ಲ, ಅದಕ್ಕೆ ಏನರ್ಥ? ಕರ್ಕೊಂಡು ಹೋಗ್ರಿ ಅಂತ ಕಾಕಾ. ಫೋನಿನಲ್ಲಿ "ಮತ್ತ?" ಅಂದಳಲ್ಲ, ಅದಕ್ಕೆ? ಯಾವಾಗ ಬರ್ತೀರಿ ಅಂತ. ಬಂದ್ರೂ ಅಷ್ಟ ಬಿಟ್ರೂ ಅಷ್ಟ? ಈಗಾದ್ರೂ ಬರ್ರಿ ಅಂತ ಕಾಕಾ, ಸಿಟ್ಟಿನ್ಯಾಗ ಹಂಗ ಅಂತಾರ. ನೀವು ಅಂಗಡಿಗೆ ಹೋಗ್ರಿ, ನನಗೇನಾಗೇತಿ, ಅಂದಿದ್ದು? ಆ ಮಾತಿಗೆ ಶಮಾ ಓಢಣಿಯಿಂದ ಕಣ್ಣೊರೆಸಿಕೊಂಡಳು. ಅವನು ಉತ್ತರಕ್ಕಾಗಿ ಕಾಯುತ್ತಲೇ ಇದ್ದ. ಕಡೆಗೆ ಅವಳು, "ಹೋಗಬ್ಯಾಡ್ರಿ ಅಂತ" ಎಂದಳು.

ಬಸ್ಸು ಗದಗ ದಾಟಿತು. ಅಂದಪ್ಪ ಮುಂದಿನ ಸೀಟಿನ ಕಬ್ಬಿಣದ ಪಟ್ಟಿಯನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡಿದ್ದ.

"ನಾ ಆಕಿನ್ನ ಬಿಟ್ಟಿಲ್ಲ" ಎಂದ.

"ತಿಳೀತು ಕಾಕಾ."

"ಆಕಿಗೆ ತಿಳಿದಿಲ್ಲ."

ಅಲ್ಲಿಂದ ಮುಂದೆ ಅವನಿಗೆ ಬೇರೆ ಯೋಚನೆಯೇ ಇರಲಿಲ್ಲ. ತಾನು ಬಿಟ್ಟಿಲ್ಲವೆಂದು ಶಿವಲೀಲಾಳಿಗೆ ತಿಳಿಯಬೇಕು, ತಿಳಿದರೆ ಆಕೆ ಬರುತ್ತಾಳೆ. ಮಕ್ಬುಲಸಾಬನ ಹೆಂಡತಿ ಕುಬಸ ಯಾವುದು, ಸಿಹಿ ಯಾವುದು ಎಂದು ಹೇಳಿಕೊಟ್ಟಳು. ಹಿರಿಯನಾಗಿ ಮಕ್ಬುಲಸಾಬನೇ ಹೊರಟ. "ನಾನು ಅವತ್ತ ಒಂದು ಮಾತು ಕೇಳಿದ್ರ ಆಗತಿತ್ತು" ಎಂದು ಅವನು ದಾರಿಯುದ್ದಕ್ಕೂ ತನ್ನಷ್ಟಕ್ಕೆ ತಾನೇ ಗೊಣಗಿಕೊಂಡ.

ಕುಷ್ಟಗಿಯಲ್ಲಿ ಶಿವಲೀಲಾ ಅಣ್ಣನ ಮನೆಯ ಹಿತ್ತಲಿಗೆ ತಗಡು ಹೊದಿಸಿಕೊಂಡು ಬೇರೆಯೇ ಇದ್ದಳು. ಜೋಳದ ಖಡಕ್ ರೊಟ್ಟಿ ಮಾಡಿ ಖಾನಾವಳಿಗಳಿಗೆ ಕೊಡುವುದು ಅವಳ ಕೆಲಸ. ಇವರು ಹೋದಾಗ ಒಳಗೆ ಇನ್ನಿಬ್ಬರು ಹೆಂಗಸರ ಜೊತೆ ರೊಟ್ಟಿ ಬಡಿಯುತ್ತಿದ್ದಳು. ಕೂದಲು ಅರ್ಧ ಬೆಳ್ಳಗಾಗಿತ್ತು. ಅಂದಪ್ಪನನ್ನು ಕಂಡು ಕೈಯಲ್ಲಿನ ಹಿಟ್ಟು ಹಾಗೇ ಹಿಡಿದು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಕೈ ತೊಳೆದು, ಚಾಪೆ ಹಾಕಿ, ಇಬ್ಬರಿಗೂ ನೀರು ಕೊಟ್ಟಳು. ಮಾತಿನ ಮಲ್ಲಿಯಾಗಿದ್ದವಳ ಬಾಯಿಂದ "ಬರ್ರಿ" ಎಂಬುದೊಂದೇ ಬಂತು.

ಏನು ಹೇಳಬೇಕೆಂದು ಅಂದಪ್ಪ ಶಮಾಳ ಮುಂದೆ ಹೇಳಿ ರೂಢಿ ಮಾಡಿಕೊಂಡಿದ್ದ. ನೀರಿನ ತಂಬಿಗೆ ನೋಡುತ್ತ ಹೇಳಿದ. "ನಾ ನಿನ್ನ ಬಿಟ್ಟಿಲ್ಲ. ನೀ ಬರ್ತೀನಿ ಅಂದಿದ್ದಿ. ಅದಕ್ಕ ಕಾದೆ. ನಾ ಕರಿಯಾಕ ಬರಬೇಕಿತ್ತು ಅಂತ ಮೊನ್ನೆ ತಿಳೀತು. ನಿಮ್ಮಪ್ಪ ಇರ್ತಾಳ ಅಂದ್ರು, ನಾ ಇರ್ಲಿ ಅಂದೆ. ಅದು ಬ್ಯಾರೆ ಮಾತು ಅಂತ ತಿಳೀಲಿಲ್ಲ. ಹುಬ್ಬಳ್ಳಿ ಡಾಕ್ಟರು ನೋಡ್ಯಾರ. ಆಸ್ಪರ್ಜರ್ ಅಂತ. ಹುಟ್ಟಿದಾಗಿಂದ ಐತಿ. ಹೇಳಿದ್ದಷ್ಟ ತಿಳೀತೈತಿ, ಹೇಳದಿದ್ದದ್ದು ತಿಳಿಯಂಗಿಲ್ಲ."

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತ್ತು. ಶಿವಲೀಲಾ ಮಕ್ಬುಲಸಾಬನ ಕಡೆ ನೋಡಿ, "ಖರೇ ಏನ್ರಿ ಕಾಕಾ?" ಎಂದಳು.

"ಖರೇ ಐತವ್ವ. ಹಿಂದಿನ ಕ್ವಾಣಿ ಬಾಡಗಿಗೆ ಕೇಳಿದ್ರೂ ಕೊಡದ, ಯಾವತ್ತೂ ಬರ್ತಾಳ ಬರ್ತಾಳ ಅಂತನ ಅಂತಿದ್ದ. ನಾವು ನಕ್ಕು ಬಿಟ್ಟಿದ್ವಿ."

ಅವಳು ನಂಬಿದಳು. ಸಾಕ್ಷಿ ಬೇಕಿರಲಿಲ್ಲ, ಈ ಮನುಷ್ಯನಿಗೆ ಸುಳ್ಳು ಬರುವುದಿಲ್ಲವೆಂದು ಅವನ ಜೊತೆ ಬಾಳಿದ ಅವಳಿಗಿಂತ ಚೆನ್ನಾಗಿ ಬಲ್ಲವರಾರು? ನಂಬಿದ್ದೇ ಅವಳಿಗೆ ಭಾರವಾಯಿತು. ಇಷ್ಟು ವರ್ಷ ಬೈಯಲಿಕ್ಕೆ ಒಬ್ಬ ಕಟುಕ ಗಂಡನಾದರೂ ಇದ್ದ. ಈಗ ಅವನೂ ಇಲ್ಲ.

"ಕೂಸು ಹೋತಂತ ಬಿಟ್ರು ಅನ್ಕೊಂಡಿದ್ದೆ" ಎಂದಳು. "ನಾ ಏನು ತಪ್ಪು ಮಾಡೀನಿ ಅಂತ ನನ್ನೊಳಗ ನಾನ ಹುಡುಕಿ ಹುಡುಕಿ ಅರ್ಧ ಸತ್ತೀನಿ. ಅಪ್ಪ ಅದೇ ಕೊರಗಿನ್ಯಾಗ ಹೋದ."

"ಕೂಸು ಹೋತಂತ ಅಲ್ಲ. ನೀ ತಪ್ಪು ಮಾಡಿಲ್ಲ" ಎಂದ ಅಂದಪ್ಪ.

"ಹೂಂ, ಈಗ ತಿಳೀತು." ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ನಿಮಗ ಡಾಕ್ಟರು ಒಂದು ಹೆಸರು ಕೊಟ್ಟಾರ. ಛಲೋ ಆತು. ಈ ಊರು ನನಗೂ ಒಂದು ಹೆಸರು ಕೊಟ್ಟೈತ್ರಿ. ಗಂಡ ಬಿಟ್ಟಾಕಿ. ಖಾನಾವಳಿಯಾಗ 'ಬಿಟ್ಟಾಕಿ ರೊಟ್ಟಿ ಬಂದ್ವೇನು' ಅಂತ ಕೇಳ್ತಾರ. ಯಾರಿಗೂ ನನ್ನ ಹೆಸರ ಗೊತ್ತಿಲ್ಲ. ಗಂಡ ಬಿಟ್ಟಿಲ್ಲ, ಅವರಿಗೆ ತಿಳೀಲಿಲ್ಲ ಅಷ್ಟ, ಅಂತ ನಾ ಯಾರ್ಯಾರ ಮನಿಗೆ ಹೋಗಿ ಹೇಳಲಿ?"

"ನಾ ಹೇಳ್ತೀನಿ" ಎಂದ ಅಂದಪ್ಪ. "ಮನಿ ಮನಿಗೆ ಹೋಗಿ ಹೇಳ್ತೀನಿ. ಖಾನಾವಳಿಗೂ ಹೇಳ್ತೀನಿ. ಇವತ್ತ ಶುರು ಮಾಡ್ತೀನಿ."

ಬೇರೆ ಯಾರೇ ಅಂದಿದ್ದರೂ ಅದು ಸಮಾಧಾನದ ಮಾತಾಗುತ್ತಿತ್ತು. ಇವನು ನಿಜವಾಗಿಯೂ ಎದ್ದು ಚಪ್ಪಲಿ ಹುಡುಕುತ್ತಿದ್ದ. ಅಲ್ಲಿಯತನಕ ಅಳದಿದ್ದ ಶಿವಲೀಲಾ ಆಗ ಅತ್ತಳು. "ಕೂಡ್ರಿ, ಕೂಡ್ರಿ" ಎನ್ನುತ್ತ ಅತ್ತಳು. ಮಕ್ಬುಲಸಾಬ ಮುಖ ಆಚೆ ತಿರುಗಿಸಿಕೊಂಡ.

ಅಂದಪ್ಪ ಕುಳಿತ. ಚೀಲದಿಂದ ಕುಬಸ, ಹೂವು, ಪೇಡೆಯ ಡಬ್ಬಿ ತೆಗೆದು ಚಾಪೆಯ ಮೇಲೆ ಇಟ್ಟ. ಹೇಳಿಕೊಟ್ಟದ್ದರಲ್ಲಿ ಉಳಿದಿದ್ದ ಮಾತು ಹೇಳಿದ. "ಮನಿ ಬಿಕೋ ಅನಾಕತ್ತೈತಿ. ಕರಿಯಾಕ ಬಂದೀನಿ. ಬಾ."

ಶಿವಲೀಲಾ ಮುಖ ಒರೆಸಿಕೊಂಡು ಎದುರಿನಿಂದ ಎದ್ದು ಬಂದು ಅವನ ಪಕ್ಕದಲ್ಲಿ, ಮುಖ ನೋಡುವ ಕಷ್ಟ ಅವನಿಗೆ ಇರದಂತೆ, ಕುಳಿತಳು. ಅವಳ ದನಿಯಲ್ಲಿ ಕೊಂಕಿರಲಿಲ್ಲ.

"ನಾ ಬರಂಗಿಲ್ರಿ. ನಿಮ್ಮ ಮ್ಯಾಲ ಸಿಟ್ಟಿಲ್ಲ. ಇನ್ನೊಮ್ಮೆ ಕರೀಲಿ ಅಂತ ಹಿಂಗ ಅನಾಕತ್ತಿಲ್ಲ. ನಿಮ್ಮನ್ನ ಕಾಯೋದು ಬಿಟ್ಟು ಭಾಳ ವರ್ಷಾತು, ಈಗ ನನ್ನ ಬಾಳೇವು ಇಲ್ಲೈತಿ. ಇವತ್ತೂ ಬರಂಗಿಲ್ಲ, ಮುಂದೂ ಬರಂಗಿಲ್ಲ. ನೀವು ಹಿಂದಿನ ಕ್ವಾಣಿ ಬಾಡಗಿಗೆ ಕೊಟ್ಟುಬಿಡ್ರಿ. ತಿಳೀತ್ರಿ?"

"ತಿಳೀತು" ಎಂದ ಅಂದಪ್ಪ.

ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತಾಗ ಮಕ್ಬುಲಸಾಬ ಅವನ ಬೆನ್ನಿನ ಮೇಲೆ ಕೈಯಿಟ್ಟು, "ಹೆಣ್ಮಕ್ಕಳು ಮೊದಲ ಸಲ ಹಂಗ ಅಂತಾರೋ. ಮುಂದಿನ ತಿಂಗಳ ಮತ್ತ ಬರೂಣು" ಎಂದ.

ಅಂದಪ್ಪ ತಲೆ ಅಲ್ಲಾಡಿಸಿದ. ಅವನ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಬೇಕೆಂದು ಅವನಿಗೆ ಹೊಳೆದಿರಲಿಲ್ಲ.

"ಇಲ್ಲ ಮಕ್ಬುಲಣ್ಣ. ಆಕಿ ನನಗ ತಿಳಿಯೂ ಹಂಗ ಹೇಳ್ಯಾಳ."